ಆಕಾಶ ಹತ್ತಿರ, ನಿಲ್ದಾಣ ದೂರ

ಕಲಬುರಗಿ: ಕಲಬುರಗಿ ಹಾಗೂ ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ವಾಯುಮಾರ್ಗದ ನೇರ ಅಂತರ ಸುಮಾರು 460 ಕಿ.ಮೀ. ಹಾರಾಟಕ್ಕೆ ತಗಲುವುದು ಒಂದು ಗಂಟೆಗಿಂತ ತುಸು ಹೆಚ್ಚು ಸಮಯ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರಯಾಣಿಕರ ಪಾಲಿಗೆ ಈ ಲೆಕ್ಕ ಅರ್ಧಸತ್ಯ ಮಾತ್ರ.

ಕಲಬುರಗಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆಯಾಯಿತು. ಖಾಸಗಿ ಸಹಭಾಗಿತ್ವದ ಕಾಮಗಾರಿ ನನೆಗುದಿಗೆ ಬಿದ್ದು, ಕೊನೆಗೆ ಸರ್ಕಾರವೇ ಅದನ್ನು ಪೂರ್ಣಗೊಳಿಸಬೇಕಾಯಿತು. 2019ರ ನವೆಂಬರ್ 22ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ನಿಲ್ದಾಣವನ್ನು ಉದ್ಘಾಟಿಸಿದರು.

ಮನೆಯಿಂದ ಮನೆಗೆ

ನಿಲ್ದಾಣವಿರುವುದು ನಗರದ ಪೂರ್ವಕ್ಕೆ, ಸೇಡಂ ರಸ್ತೆಯ ಕಡೆ. ಆಳಂದ ವಾಯವ್ಯಕ್ಕೆ, ಅಫಜಲಪುರ ನೈಋತ್ಯಕ್ಕೆ, ಜೇವರ್ಗಿ ದಕ್ಷಿಣಕ್ಕೆ ಭೀಮಾ ನದಿಯ ಆಚೆ. ಮೂರೂ ಕಡೆಯವರು ಮೊದಲು ಕಲಬುರಗಿ ತಲುಪಿ, ಅಲ್ಲಿಂದ ಮತ್ತೆ ಸುಮಾರು 14 ಕಿ.ಮೀ. ಕ್ರಮಿಸಬೇಕು.

ಅಫಜಲಪುರದಿಂದ ಕಲಬುರಗಿಗೆ ಒಂದೂವರೆ ಗಂಟೆ, ನಿಲ್ದಾಣಕ್ಕೆ ಅರ್ಧ ಗಂಟೆ, ತಪಾಸಣೆಗೆ ಒಂದು ಗಂಟೆ, ಹಾರಾಟಕ್ಕೆ ಒಂದೂಕಾಲು ಗಂಟೆ, ಬಳಿಕ ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಎರಡು ಗಂಟೆ ಎಂದಿಟ್ಟುಕೊಂಡರೂ ಒಟ್ಟು ಅವಧಿ ಆರು ಗಂಟೆ ದಾಟುತ್ತದೆ. ಇದರಲ್ಲಿ ವಿಮಾನದ ಪಾಲು ಐದನೆಯ ಒಂದು ಭಾಗ. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ-ಬೆಂಗಳೂರು ವಂದೇ ಭಾರತ್ ರೈಲಿಗೆ ನಿಗದಿಪಡಿಸಿದ್ದು ಸುಮಾರು ಎಂಟೂಮುಕ್ಕಾಲು ಗಂಟೆ. ಊರಿನಿಂದ ನಿಲ್ದಾಣಕ್ಕೆ ಬರುವ ಹೊತ್ತನ್ನೂ ಸೇರಿಸಿದರೆ ಹತ್ತು ಗಂಟೆಗೂ ಹೆಚ್ಚು. ಅಂದರೆ ವಿಮಾನದಿಂದ ಉಳಿಯುವುದು ಸುಮಾರು ನಾಲ್ಕು ಗಂಟೆ. ಚಿಕಿತ್ಸೆಗಾಗಿ ರಾಜಧಾನಿಗೆ ಹೊರಟ ರೋಗಿಗೆ ಇದೇನೂ ಸಣ್ಣ ಉಳಿತಾಯವಲ್ಲ.

ಸಹಾಯಧನದ ಮಿತಿ

ಆದರೆ ಈ ಲಾಭ ಸೇವೆ ಇದ್ದಾಗ ಮಾತ್ರ. ಉಡಾನ್ ಯೋಜನೆಯಡಿ ವಿಮಾನ ಸಂಸ್ಥೆಗೆ ದೊರೆಯುವ ನಷ್ಟ ಭರ್ತಿಯ ಅವಧಿ ಮೂರು ವರ್ಷ. ಆ ಅವಧಿ ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. 2025ರ ಅಕ್ಟೋಬರ್‌ನಲ್ಲಿ ಸ್ಟಾರ್ ಏರ್ ತನ್ನ ಕಲಬುರಗಿ-ಬೆಂಗಳೂರು ಸೇವೆಯನ್ನು ಸ್ಥಗಿತಗೊಳಿಸಿತು. ಅದೇ ವರ್ಷ ನೆರೆಯ ಸೊಲ್ಲಾಪುರ ನಿಲ್ದಾಣದಿಂದ ಗೋವಾ, ಮುಂಬೈಗಳಿಗೆ ವಿಮಾನ ಸಂಚಾರ ಆರಂಭವಾದದ್ದು ಗಮನಾರ್ಹ. ಗಡಿಗೆ ಹತ್ತಿರವಿರುವ ಆಳಂದ, ಅಫಜಲಪುರದ ಜನ ಸಹಜವಾಗಿಯೇ ಅತ್ತ ಮುಖ ಮಾಡಬಹುದು. ಹೈದರಾಬಾದ್ ನಿಲ್ದಾಣ ಕಲಬುರಗಿಯಿಂದಲೇ ಇನ್ನೂರು ಕಿ.ಮೀ.ಗೂ ದೂರ. ಅಲ್ಲಿಗೆ ಹೋಗಿ ವಿಮಾನ ಹಿಡಿಯುವ ಬದಲು ರಾತ್ರಿ ಬಸ್ಸೇ ಲೇಸು ಎನ್ನುವಂತಿದೆ.

ಈ ಭಾಗದಲ್ಲಿ ಪ್ರಯಾಣಿಕರಿಲ್ಲವೆಂದಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹೊರರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ನಿಶ್ಚಿತ ವೇಳಾಪಟ್ಟಿ, ಅದಕ್ಕೆ ಹೊಂದುವಂತೆ ತಾಲ್ಲೂಕು ಕೇಂದ್ರಗಳಿಂದ ನೇರ ಬಸ್ಸು, ಕೇಂದ್ರದ ಸಹಾಯಧನ ಮುಗಿದ ಮೇಲೂ ಕೆಲಕಾಲ ರಾಜ್ಯದ ಆಸರೆ: ಈ ಮೂರೂ ಕೂಡಿ ಬಂದರೆ ಮಾತ್ರ ರನ್‌ವೇಗೆ ಸುರಿದ ಹಣ ಸಾರ್ಥಕವಾದೀತು. ಇಲ್ಲವಾದರೆ 460 ಕಿ.ಮೀ. ಎಂಬುದು ಭೂಪಟದಲ್ಲಿ ಮಾತ್ರ ಉಳಿಯುವ ಅಂಕಿಯಾದೀತು.