ನಾದಿರಾಳ ಪ್ರಶ್ನೆಗೆ ಮೊಹಲ್ಲಾ ಉತ್ತರಿಸಲಿ

ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣವಾದ ದಿವ್ಯವಾಣಿಯ ಮೊದಲ ಪದವೇ ಓದಬೇಕೆಂಬ ಆದೇಶ. ಆ ವಾಣಿಯನ್ನು ನಂಬಿದ ಸಮುದಾಯದಲ್ಲಿ ಓದದೆಯೇ ತೀರ್ಪು ನೀಡುವ ರೂಢಿ ಬೆಳೆದಿರುವುದು ವಿಪರ್ಯಾಸವೇ ಸರಿ. ಮುಸ್ಲಿಮ್ ಲೇಖಕಿಯೊಬ್ಬಳು ಮನೆಯೊಳಗಿನ ಅನ್ಯಾಯವನ್ನು ಬರೆದೊಡನೆ ಸಮುದಾಯದ ಮಾನ ಹರಾಜಾಯಿತೆಂಬ ಕೂಗು ಏಳುತ್ತದೆ. ಕೂಗಿದವರಲ್ಲಿ ಆ ಕೃತಿಯನ್ನು ಓದಿದವರೆಷ್ಟು ಮಂದಿ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಈ ಹಿನ್ನೆಲೆಯಲ್ಲಿ, ಇತ್ತೀಚೆಗೆ ನಾವು ಓದಿದ ಎರಡು ಕಾದಂಬರಿಗಳು, ಕೆಲವು ಕಥೆಗಳು ಹಾಗೂ ಒಂದು ಸರಕಾರಿ ವರದಿಯ ಕುರಿತ ನಮ್ಮ ಅನಿಸಿಕೆಗಳನ್ನು ಓದುಗರ ಮುಂದಿಡಬಯಸುತ್ತೇವೆ.

ಮೊದಲನೆಯದು ಸಾರಾ ಅಬೂಬಕ್ಕರ್‌ರ ‘ಚಂದ್ರಗಿರಿಯ ತೀರದಲ್ಲಿ’. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ನಾಯಕಿ ನಾದಿರಾ. ತಂದೆಯ ಹಟದಿಂದಾಗಿ ಅವಳ ದಾಂಪತ್ಯ ಮುರಿಯುತ್ತದೆ. ಮತ್ತೆ ಗಂಡನ ಮನೆ ಸೇರಬೇಕಾದರೆ ಇನ್ನೊಬ್ಬನನ್ನು ವರಿಸಿ, ಒಂದು ರಾತ್ರಿ ಅವನೊಂದಿಗಿದ್ದು, ತಲಾಕ್ ಪಡೆದು ಬರಬೇಕೆಂಬ ಶರತ್ತು ಎದುರಾಗುತ್ತದೆ. ಅವಳು ಮಸೀದಿಯ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ.

ಈ ಕಾದಂಬರಿಯ ಮೇಲೆ ಹೊರಿಸಲಾಗುವ ದೊಡ್ಡ ಆರೋಪವೆಂದರೆ, ಅದು ಶರೀಅತನ್ನು ತಪ್ಪಾಗಿ ಚಿತ್ರಿಸಿದೆ ಎಂಬುದು. ಪೂರ್ವನಿಶ್ಚಿತ ಒಪ್ಪಂದದ ಇಂತಹ ವಿವಾಹವನ್ನು ನಡೆಸುವವನನ್ನೂ ಅದನ್ನು ನಡೆಸಿಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ ಎಂಬುದು ನಿಜ. ದಂಪತಿಗಳ ನಡುವೆ ಒಡಕು ಮೂಡಿದರೆ ಉಭಯ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥನನ್ನು ನೇಮಿಸಬೇಕೆಂದು ಅನ್ನಿಸಾ ಅಧ್ಯಾಯವು ಆದೇಶಿಸುತ್ತದೆ ಎಂಬುದೂ ನಿಜ. ಆದರೆ ನಾದಿರಾಳ ಊರಿನಲ್ಲಿ ಇದನ್ನು ಹೇಳುವವರು ಯಾರಿದ್ದರು? ಲೇಖಕಿ ಬರೆದದ್ದು ಧರ್ಮಶಾಸ್ತ್ರದ ಗ್ರಂಥವನ್ನಲ್ಲ. ಧರ್ಮದ ಹೆಸರಿನಲ್ಲಿ ಊರು ನಡೆದುಕೊಂಡ ಬಗೆಯನ್ನು. ಗ್ರಂಥದಲ್ಲಿ ನ್ಯಾಯವಿದೆ ಎಂಬ ಸಮಜಾಯಿಷಿ, ನ್ಯಾಯ ಸಿಗದೆ ಸತ್ತವಳಿಗೆ ಉತ್ತರವಾಗಲಾರದು.

ಆ ಕಾದಂಬರಿ ಎತ್ತಿದ ಪ್ರಶ್ನೆಯನ್ನು ಬಗೆಹರಿಸಲು ಸಮುದಾಯಕ್ಕೆ ಮೂರು ದಶಕಗಳಿಗೂ ಹೆಚ್ಚು ಕಾಲಾವಕಾಶವಿತ್ತು. ಲೇಖಕಿಯನ್ನು ದೂರುವುದರಲ್ಲಿಯೇ ಅದು ಕಳೆದುಹೋಯಿತು. 2017ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟು ಒಂದೇ ಉಸಿರಿನ ಮೂರು ತಲಾಕನ್ನು ಅಸಿಂಧುಗೊಳಿಸಿತು. 2019ರಲ್ಲಿ ಕೇಂದ್ರ ಸರಕಾರವು ಅದನ್ನು ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧವನ್ನಾಗಿಸಿತು. ಕೋರ್ಟೇ ಅಸಿಂಧುವೆಂದ ಮಾತಿಗಾಗಿ ಗಂಡನನ್ನು ಸೆರೆಗೆ ತಳ್ಳಿದರೆ ಹೆಂಡತಿ-ಮಕ್ಕಳ ಜೀವನಾಂಶಕ್ಕೆ ಯಾರು ಹೊಣೆ ಎಂಬ ನಮ್ಮ ಆಕ್ಷೇಪ ಇಂದಿಗೂ ಉಳಿದಿದೆ. ಆದರೆ ಸ್ವಂತ ಅಂಗಳವನ್ನು ಗುಡಿಸದವರ ಮನೆಗೆ ಬೇರೆಯವರು ಪೊರಕೆ ಹಿಡಿದು ಬರುವುದರಲ್ಲಿ ಅಚ್ಚರಿಯೇನಿದೆ? ಬಂದವರ ಉದ್ದೇಶವನ್ನು ಪ್ರಶ್ನಿಸೋಣ. ಕಸ ಇರಲಿಲ್ಲವೆಂದು ಮಾತ್ರ ವಾದಿಸದಿರೋಣ.

ಇನ್ನು ಬಾನು ಮುಷ್ತಾಕ್‌ರ ಕಥೆಗಳು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ 12 ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಎಲ್ಲರೂ ಹೆಮ್ಮೆಪಟ್ಟರು. ಹೆಮ್ಮೆಪಟ್ಟವರು ‘ಕರಿನಾಗರಗಳು’ ಕಥೆಯನ್ನೊಮ್ಮೆ ಓದಬೇಕು. ಹೆಣ್ಣು ಮಕ್ಕಳನ್ನಷ್ಟೇ ಹೆತ್ತಳೆಂದು ಗಂಡನಿಂದ ಪರಿತ್ಯಕ್ತಳಾದ ಆಶ್ರಫ್, ಕಾಯಿಲೆಯ ಕೂಸನ್ನೆತ್ತಿಕೊಂಡು ಮಸೀದಿಯ ಅಂಗಳದಲ್ಲಿ ನ್ಯಾಯಕ್ಕಾಗಿ ಕಾಯುತ್ತಾಳೆ. ಮುತವಲ್ಲಿಗೆ ಬಿಡುವಿಲ್ಲ. ಕೂಸು ಅಲ್ಲಿಯೇ ಸಾಯುತ್ತದೆ. ಈ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಚಲನಚಿತ್ರ ಮಾಡಿದ್ದರು.

‘ಎದೆಯ ಹಣತೆ’ ಕಥೆಯ ಮೆಹರುನ್ ಮತ್ತೊಬ್ಬ ನೊಂದವಳು. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ತವರಿಗೆ ಬಂದರೆ ಅಣ್ಣ ತಮ್ಮಂದಿರು ಮನೆತನದ ಮರ್ಯಾದೆಯ ಮಾತನಾಡಿ ವಾಪಸು ಬಿಟ್ಟು ಹೋಗುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ತಡೆಯುವವಳು ಮಗಳು. ನಾದಿರಾಳನ್ನು ತಡೆಯಲು ಯಾರೂ ಇರಲಿಲ್ಲ, ಮೆಹರುನ್‌ಳಿಗೆ ಒಂದು ಮಗುವಿನ ಕೈ ಸಿಕ್ಕಿತು. ಆದರೆ ಹಿರಿಯರ, ಸಹೋದರರ, ಜಮಾಅತಿನ ಕೈ ಎಲ್ಲಿತ್ತು? ಈ ಕಥೆ ನಮ್ಮನ್ನು ಬಹುಕಾಲ ಕಾಡಿದ್ದು ಇದೇ ಕಾರಣಕ್ಕೆ.

ಮಹಿಳೆಯರ ಮಸೀದಿ ಪ್ರವೇಶದ ಪರ ಮಾತನಾಡಿದ್ದಕ್ಕಾಗಿ ಇದೇ ಲೇಖಕಿ ಒಮ್ಮೆ ಬಹಿಷ್ಕಾರ ಎದುರಿಸಿದ್ದರು. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದಾಗ, ಮುಸ್ಲಿಮ್ ಎಂಬ ಕಾರಣಕ್ಕೆ ಆಕ್ಷೇಪಿಸಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದವರೂ ಇದ್ದರು, ಅರ್ಜಿ ವಜಾಗೊಂಡಿತು. ಸತ್ಯ ನುಡಿಯುವ ಲೇಖನಿಗೆ ಎರಡೂ ಕಡೆಯ ಮತಾಂಧರು ಒಂದೇ ಬಗೆಯಲ್ಲಿ ಬೆದರುತ್ತಾರೆ.

ಹಾಗಾದರೆ ಮುಸ್ಲಿಮರ ಬದುಕೆಂದರೆ ತಲಾಕ್ ಮತ್ತು ಕಣ್ಣೀರು ಮಾತ್ರವೇ? ಕೋಮುವಾದಿಗಳು ಈ ಕಥೆಗಳಿಂದ ಹೆಕ್ಕಿಕೊಳ್ಳುವುದು ಅಷ್ಟನ್ನೇ. ಇಂತಹ ಏಕಮುಖ ಓದಿಗೆ ಮದ್ದಾಗಿ ನಾವು ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ವನ್ನು ಸೂಚಿಸುತ್ತೇವೆ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಬೃಹತ್ ಕಾದಂಬರಿಯ ಗಾತ್ರ ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ದೇಶ ವಿಭಜನೆಯ ಕಾಲದಿಂದ ಮುತ್ತುಪ್ಪಾಡಿಯೆಂಬ ಕಾಲ್ಪನಿಕ ಊರಿನವರೆಗೆ ಹರಡಿದ ಇಲ್ಲಿನ ಲೋಕದಲ್ಲಿ ಮುಸ್ಲಿಮನು ಸಮಸ್ಯೆಯಾಗಿ ಬರುವುದಿಲ್ಲ. ನೆರೆಮನೆಯವನಾಗಿ, ವ್ಯಾಪಾರಿಯಾಗಿ, ಜಗಳಗಂಟನಾಗಿ, ಗೆಳೆಯನಾಗಿ ಬರುತ್ತಾನೆ.

ಕೊನೆಯದು ಕಥೆಯಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ನೇತೃತ್ವದ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ಭಾಷಣಗಳಲ್ಲಿ ಅದರ ಹೆಸರು ಸಾಕಷ್ಟು ಕೇಳಿಬಂದಿದೆ, ಓದಿದವರು ವಿರಳ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಸುಮಾರು ಶೇ. 3 ಮಾತ್ರವೆಂದು ಅದು ತೋರಿಸಿಕೊಟ್ಟಿತು. ಅದೇ ವರದಿಯ ಪ್ರಕಾರ 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯನ್ನೇ ಕಂಡಿರಲಿಲ್ಲ, ಇಲ್ಲವೇ ಅರ್ಧಕ್ಕೆ ಬಿಟ್ಟಿದ್ದರು. ಮೊದಲ ಅಂಕಿಯನ್ನು ಅಪಪ್ರಚಾರ ಮಾಡುವವರು ಓದಬೇಕು. ಎರಡನೆಯದನ್ನು ಸರಕಾರ ಮತ್ತು ಸಮುದಾಯ ಒಟ್ಟಿಗೆ ಓದಬೇಕು.

ಕಥೆಗಳನ್ನೂ ವರದಿಯನ್ನೂ ಜೊತೆಗಿಟ್ಟು ಓದಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ವರದಿಯು ಪ್ರಭುತ್ವದ ನಿರ್ಲಕ್ಷ್ಯವನ್ನು ಲೆಕ್ಕ ಹಾಕಿದೆ, ಕಥೆಗಳು ಮೊಹಲ್ಲಾದ ನಿರ್ಲಕ್ಷ್ಯವನ್ನು. ಒಂದನ್ನು ವೇದಿಕೆಯಲ್ಲಿ ಎತ್ತಿ ಹಿಡಿದು ಇನ್ನೊಂದನ್ನು ಬಚ್ಚಿಡುವವರು ನ್ಯಾಯದ ಪರ ಮಾತನಾಡುವ ನೈತಿಕ ಅರ್ಹತೆಯನ್ನು ಕಳೆದುಕೊಳ್ಳುತ್ತಾರೆ.

ಆದ್ದರಿಂದ ಜಮಾಅತ್ ಕಮಿಟಿಗಳ ಮುಂದೆ ಎರಡು ಸಲಹೆಗಳನ್ನಿಡುತ್ತೇವೆ. ಮೊಹಲ್ಲಾದಲ್ಲಿ ಗಂಡ-ಹೆಂಡಿರ ತಕರಾರು ಇತ್ಯರ್ಥವಾಗುವಾಗ ಆ ಪಂಚಾಯಿತಿಯಲ್ಲಿ ತಿಳುವಳಿಕೆಯುಳ್ಳ ಇಬ್ಬರು ಮಹಿಳೆಯರಾದರೂ ಇರಲಿ. ಮದ್ರಸದ ಒಂದು ಕಪಾಟಿನಲ್ಲಿ ಈ ಪುಸ್ತಕಗಳಿಗೆ ಜಾಗವಿರಲಿ. ಯುವಕರು ಓದಲಿ, ಒಪ್ಪದಿದ್ದರೆ ಓದಿದ ಬಳಿಕ ತಕರಾರು ಮಾಡಲಿ. ಆಶ್ರಫ್‌ಳಂಥವಳು ಮುಂದೊಮ್ಮೆ ಮಸೀದಿಯ ಅಂಗಳಕ್ಕೆ ಬಂದರೆ, ಅವಳ ಕೂಸು ಸಾಯುವ ಮುನ್ನ ಯಾರಾದರೂ ಎದ್ದು ಬಂದು ಅವಳ ಮಾತನ್ನು ಕೇಳುವಂತಾಗಬೇಕು.