ಒಟ್ಟು ಮೊತ್ತ ಸಾಲದು, ಖಾತಾವಾರು ವಿವರ ಬೇಕು

ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ ಅಲ್ಯೂಮಿನಾ ಪಡೆಯುವ ವಿಧಾನಕ್ಕೆ ಕಾರ್ಲ್ ಜೋಸೆಫ್ ಬೇಯರ್ 1888ರಲ್ಲಿ ಪೇಟೆಂಟ್ ಪಡೆದರು. ನಮ್ಮ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯೂ ಈ ವಿಧಾನದ್ದೇ.

ಇಲ್ಲಿ ದ್ರಾವಣವನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಲಾಗುತ್ತದೆ. ಅದಿರಿನೊಡನೆ ಬರುವ ಸಸ್ಯಜನ್ಯ ಪದಾರ್ಥಗಳು ಕಾಸ್ಟಿಕ್‌ನಲ್ಲಿ ಒಡೆದು ಆಕ್ಸಲೇಟ್, ಫಾರ್ಮೇಟ್, ಅಸಿಟೇಟ್ ಮುಂತಾದ ಲವಣಗಳಾಗಿ, ವಸೂಲಾಗದ ಬಾಕಿಯಂತೆ ಸುತ್ತಿನಿಂದ ಸುತ್ತಿಗೆ ಶೇಖರವಾಗುತ್ತವೆ. ಸೋಡಿಯಂ ಆಕ್ಸಲೇಟ್ ಮಿತಿಮೀರಿದರೆ ಸೂಜಿಯಂಥ ಹರಳುಗಳಾಗಿ ಹೊರಬಿದ್ದು ಉತ್ಪನ್ನವನ್ನು ಅತಿ ಸಣ್ಣ ಪುಡಿಯಾಗಿಸುತ್ತದೆ. ಉಳಿದವು ಸೋಡಾವನ್ನು ಹಿಡಿದಿಟ್ಟು ಇಳುವರಿಯನ್ನು ಕುಗ್ಗಿಸುತ್ತವೆ.

ಒಟ್ಟು ಸಾವಯವ ಇಂಗಾಲದ ಪರೀಕ್ಷೆಯು ಕಶ್ಮಲದ ಮೊತ್ತವನ್ನಷ್ಟೇ ತಿಳಿಸುತ್ತದೆ. ದ್ರವ ಕ್ರೊಮ್ಯಾಟೋಗ್ರಫಿಯಾದರೋ ಮಾದರಿಯನ್ನು ಸ್ತಂಭದ ಮೂಲಕ ಹಾಯಿಸಿ, ಒಂದೊಂದು ಘಟಕವನ್ನೂ ಬೇರ್ಪಡಿಸಿ ಅಳೆಯುತ್ತದೆ. ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಯಾವ ಗಿರಾಕಿಯ ಬಾಕಿ ಅಪಾಯದಲ್ಲಿದೆಯೆಂದು ತಿಳಿಯದು; ಅದಕ್ಕೆ ಖಾತೆಯನ್ನೇ ತೆರೆದು ನೋಡಬೇಕು.

ಉಪಕರಣ ದುಬಾರಿಯೆಂಬ ಆಕ್ಷೇಪ ಸಹಜ. ಆದರೆ ಅದರ ಬೆಲೆಯನ್ನು ಪ್ರತಿ ಸುತ್ತಿನಲ್ಲಿ ಕಳೆದುಹೋಗುವ ಸೋಡಾ ಹಾಗೂ ಇಳುವರಿಯ ಎದುರಿಗಿಟ್ಟು ತೂಗಬೇಕು. ಪರೀಕ್ಷೆಯ ವೆಚ್ಚ ಲೆಕ್ಕಪತ್ರದಲ್ಲಿ ಕಾಣುತ್ತದೆ, ಪರೀಕ್ಷಿಸದೆ ಆದ ನಷ್ಟ ಕಚ್ಚಾ ಸಾಮಗ್ರಿಯ ಖರ್ಚಿನೊಳಗೆ ಅಡಗಿರುತ್ತದೆ.

ಈ ಮಾತು ದೊಡ್ಡ ಕಾರ್ಖಾನೆಗಳಿಗಷ್ಟೇ ಸೀಮಿತವಲ್ಲ. ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಗಳಲ್ಲಿಯೂ ಹೊಳಪು ನೀಡುವ ಸಾವಯವ ದ್ರವ್ಯಗಳು ಒಡೆದು ಕಶ್ಮಲವಾಗಿ ಸೇರುತ್ತವೆ. ಅವನ್ನೂ ಇದೇ ವಿಧಾನದಿಂದ ಅಳೆಯಬಹುದು. ಸಣ್ಣ ಉದ್ಯಮಿ ಒಬ್ಬನೇ ಕೊಳ್ಳಲಾಗದ ಉಪಕರಣವನ್ನು ಕೈಗಾರಿಕಾ ವಸಾಹತುವಿನ ಘಟಕಗಳು ಕೂಡಿ ಕೊಳ್ಳಬಹುದು. ಇಂತಹ ಸಾಮೂಹಿಕ ಪ್ರಯೋಗಾಲಯಕ್ಕೆ ನಮ್ಮ ಸಂಸ್ಥೆಯೇ ಮುಂದಾಳತ್ವ ವಹಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.