ಪೂರ್ತಿ ಹಣ ವಾಪಸ್ ಎಂದಿದ್ದಿರಿ, ಅಧ್ಯಕ್ಷರೇ

ಮಾನ್ಯ ಅಧ್ಯಕ್ಷರೇ,

ನಿಮ್ಮ ಕಚೇರಿಗೆ ಬರೆದ ಪತ್ರಗಳಿಗೆ ಉತ್ತರವಿಲ್ಲ, ಫೋನ್ ಎತ್ತುವವರೂ ಇಲ್ಲ. ಹಾಗಾಗಿ ನಾಲ್ಕು ಜನರ ಎದುರು ಕೇಳುತ್ತಿದ್ದೇನೆ.

ಪೈಲಟ್ ತರಬೇತಿಗೆ ಮಗಳನ್ನು ಅಮೆರಿಕಕ್ಕೆ ಕಳಿಸಲೆಂದು ನಿಮ್ಮ ಸಂಸ್ಥೆಗೆ ಹಣ ಕಟ್ಟಿದೆವು. ‘ವೀಸಾ ಸಿಗದಿದ್ದರೆ ಪೂರ್ತಿ ಹಣ ವಾಪಸ್’ ಎಂದು ಸೆಮಿನಾರಿನಲ್ಲಿ ಮೈಕ್ ಹಿಡಿದು ಹೇಳಿದವರು ಖುದ್ದು ತಾವು. ಆ ಮಾತನ್ನು ನಂಬಿ ಅಡಿಕೆ ತೋಟವನ್ನು ಬ್ಯಾಂಕಿಗೆ ಅಡವಿಟ್ಟೆ. ಅಲ್ಲಿನ ಶಾಲೆಯ ಪ್ರವೇಶ ಪತ್ರ ಐ-20 ಬಂತು, ವಿದ್ಯಾರ್ಥಿ ನೋಂದಣಿಯ ಸೆವಿಸ್ ಶುಲ್ಕ 350 ಡಾಲರ್ ಕಟ್ಟಿದ್ದಾಯಿತು, ಚೆನ್ನೈಯಲ್ಲಿ ಸಂದರ್ಶನವಾಯಿತು. ಅಮೆರಿಕದ ವಲಸೆ ಕಾಯ್ದೆಯ 214-ಬಿ ಕಲಮಿನಡಿ ವೀಸಾ ನಿರಾಕರಿಸಿದರು.

ವೀಸಾ ಅಧಿಕಾರಿಯ ಮೇಲೆ ನನಗೆ ದೂರಿಲ್ಲ. ಕೋರ್ಸ್ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ನಿಮ್ಮ ಕೌನ್ಸೆಲರ್ ಬಾಯಿಪಾಠ ಮಾಡಿಸಿದ್ದನ್ನೇ ಮಗಳು ಒಪ್ಪಿಸಿದಳು: ಅಲ್ಲೇ ಇನ್‌ಸ್ಟ್ರಕ್ಟರ್ ಆಗಿ ದುಡಿದು ಹಾರಾಟದ ಗಂಟೆ ಹೆಚ್ಚಿಸಿಕೊಳ್ಳುತ್ತೇನೆ.

ವೃತ್ತಿ ತರಬೇತಿಯ ಎಂ-1 ವೀಸಾ ಕೇಳುವವರು ಆಡಲೇಬಾರದ ಮಾತದು! ತರಬೇತಿ ಮುಗಿಸಿ ದೇಶಕ್ಕೆ ಮರಳುತ್ತೇನೆಂದು ಅಧಿಕಾರಿಗೆ ಮನದಟ್ಟಾಗಬೇಕು, ಆಗದಿದ್ದರೆ 214-ಬಿ. ಆ ವೀಸಾದಲ್ಲಿ ಕಲಿಯುವಾಗ ದುಡಿಯುವಂತಿಲ್ಲ. ಮುಗಿದ ಮೇಲೆ ಪ್ರಾಯೋಗಿಕ ತರಬೇತಿ ಸಿಕ್ಕರೂ ನಾಲ್ಕು ತಿಂಗಳ ಕಲಿಕೆಗೆ ಒಂದು ತಿಂಗಳಂತೆ, ಹೆಚ್ಚೆಂದರೆ ಆರು ತಿಂಗಳು. ಅಲ್ಲಿಗೆ ಹೋಗಿ ಕಾಲೇಜು ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಯಿಸಿಕೊಳ್ಳಲೂ ಬರುವುದಿಲ್ಲ. ಇದನ್ನೇ ಕಸುಬು ಮಾಡಿಕೊಂಡಿರುವ ನಿಮಗೆ ಇದು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?

ಹಣ ಕೇಳಲು ಬಂದಾಗ ನಿಮ್ಮವರು ಕರಾರಿನ ಒಂದು ಸಾಲು ತೋರಿಸಿದರು: ಅಭ್ಯರ್ಥಿಯ ತಪ್ಪಿನಿಂದ ವೀಸಾ ಕೈತಪ್ಪಿದರೆ ಹಣವಿಲ್ಲ. ‘ಹಳ್ಳಿ ಹುಡುಗಿ, ಇಂಗ್ಲಿಷ್ ಸಾಲದು’ ಎಂದರು, ಅವಳ ಎದುರಿಗೇ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನ್ಯಾವಿಗೇಷನ್, ಮೀಟಿಯರಾಲಜಿ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲೇ ಬರೆದು ಪಾಸಾದವಳು ನನ್ನ ಮಗಳು. ಕ್ಲಾಸ್-1 ಮೆಡಿಕಲ್ ಮುಗಿಸಿದವಳು. ಅವಳು ತಡವರಿಸಲಿಲ್ಲ ಸ್ವಾಮಿ, ನೀವು ಕಲಿಸಿದ್ದನ್ನು ಸ್ಪಷ್ಟವಾಗಿ ಹೇಳಿದಳು. ವೇದಿಕೆಯ ಮೇಲೆ ‘ಪೂರ್ತಿ ಹಣ’ ಎಂದಾಗ ಈ ಷರತ್ತು ಎಲ್ಲಿತ್ತು? ಒಂದು ಸಲವಾದರೂ ಬಾಯಿಬಿಟ್ಟಿರಾ?

2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ತೋರಿಸಿ ಊರೂರಲ್ಲಿ ಮಕ್ಕಳಿಗೆ ಆಸೆ ಹುಟ್ಟಿಸುತ್ತೀರಿ. ಅವರ ಅಪ್ಪ ಅಮ್ಮಂದಿರ ಸಾಲಕ್ಕೆ ಯಾರು ಹೊಣೆ? ದೇಶದೊಳಗಿನ ಹಾರಾಟ ಶಾಲೆಗಳಿಗೆ ಡಿಜಿಸಿಎ 2025ರಿಂದ ದರ್ಜೆ ಕೊಡುತ್ತಿದೆ. ಹೊರದೇಶಕ್ಕೆ ಕಳಿಸುವ ನಿಮ್ಮಂಥವರ ಲೆಕ್ಕ ಕೇಳುವವರೂ ಬೇಕು. ವಿಮಾನಯಾನ ಸಚಿವರು ಇದನ್ನು ಓದಲಿ. ಶುಲ್ಕ ವಾಪಸಿನ ಷರತ್ತನ್ನು ಹಣ ಪಡೆಯುವ ಮೊದಲೇ ಕನ್ನಡದಲ್ಲಿ ಬರೆದುಕೊಡಬೇಕೆಂಬ ನಿಯಮ ಬರಲಿ. ಮಕ್ಕಳು ಇಲ್ಲೇ ಕಲಿಯುವಂತೆ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆಗೆ ರಾಜ್ಯ ಸರ್ಕಾರ ಇನ್ನಷ್ಟು ವಿಮಾನ, ಇನ್ನಷ್ಟು ಶಿಕ್ಷಕರನ್ನು ಕೊಡಲಿ.

ನೀವು ಕೊಡಬೇಕಾದ್ದು ನಮ್ಮ ಹಣ, ಪೂರ್ತಿ. ಜೊತೆಗೆ ಮಗಳ ಹೆಸರಿಗೆ ಲಿಖಿತ ಕ್ಷಮಾಪಣೆ, ನಿಮ್ಮದೇ ಸಹಿಯಲ್ಲಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಂದೆ